ನೆಟಿಕಾ: ಕೆರೆಯ ಅಪಾಯದ ಲೆಕ್ಕಕ್ಕೆ ಎಷ್ಟು ಒದಗುತ್ತದೆ?

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥದ್ದು ನಡೆದಾಗಲೆಲ್ಲ ಕಾರಣಗಳ ಪಟ್ಟಿ ಒಂದೇ: ಕೊಳಚೆ, ಬಿಸಿಲು, ಪಾಚಿ, ಹೂಳು, ಆಮ್ಲಜನಕದ ಕೊರತೆ. ಒಂದೊಂದೂ ನಿಜವೇ. ಆದರೆ ಬರೀ ಪಟ್ಟಿ ಹಿಡಿದು ಕೆರೆ ನೋಡಿಕೊಳ್ಳಲು ಆಗುವುದಿಲ್ಲ. ಬರುವ ಬೇಸಿಗೆಯಲ್ಲಿ ಹೀಗಾಗುವ ಸಾಧ್ಯತೆ ನೂರಕ್ಕೆ ಎಷ್ಟು? ಕೈಯಲ್ಲಿರುವ ದುಡ್ಡನ್ನು ಹೂಳೆತ್ತಲು ಹಾಕಬೇಕೋ, ರಾಜಕಾಲುವೆಗೆ ಸೇರುವ ಕೊಳಚೆಯನ್ನು ತಿರುಗಿಸಲೋ, ನೀರಿಗೆ ಗಾಳಿ ಕೊಡುವ ಯಂತ್ರಕ್ಕೋ? ಈ ಪ್ರಶ್ನೆಗಳಿಗೆ ಸಂಭವನೀಯತೆಯ ಲೆಕ್ಕದಲ್ಲಿ ಉತ್ತರ ಹುಡುಕಲು ನದಿ, ಜೌಗು, ಜಲಾನಯನದ ಕೆಲಸದವರು ಬಹುಕಾಲದಿಂದ ಬಳಸುತ್ತ ಬಂದಿರುವ ತಂತ್ರಾಂಶಗಳಲ್ಲಿ ನೆಟಿಕಾ ಒಂದು. ಕೆರೆಯ ಕೆಲಸಕ್ಕೆ ಅದು ಎಷ್ಟು ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆ.

ನೆಟಿಕಾ ಕೆನಡಾದ ವ್ಯಾಂಕೂವರಿನ ನಾರ್ಸಿಸ್ ಕಂಪನಿಯದು. 1992ರಲ್ಲಿ ಕೆಲಸ ಶುರುವಾಗಿ 1995ರಲ್ಲಿ ಮಾರುಕಟ್ಟೆಗೆ ಬಂತು. ಬೇಯ್ಸಿಯನ್ ಜಾಲ ಕಟ್ಟುವುದು ಇದರ ಕೆಲಸ. ಒಂದೊಂದು ಸಂಗತಿಗೆ ಒಂದು ಪೆಟ್ಟಿಗೆ, ಅದಕ್ಕೆ ನೋಡ್ ಎನ್ನುತ್ತಾರೆ. ಕಾರಣದಿಂದ ಪರಿಣಾಮಕ್ಕೆ ಒಂದು ಬಾಣ. ಪ್ರತಿ ನೋಡ್‌ನ ಹಿಂದೆ ಒಂದು ಕೋಷ್ಟಕ: ಕಾರಣಗಳು ಹೀಗಿದ್ದರೆ ಪರಿಣಾಮ ನೂರಕ್ಕೆ ಎಷ್ಟು ಸಲ ಹೀಗಾಗುತ್ತದೆ ಎಂದು. ಕೋಷ್ಟಕಗಳು ತುಂಬಿದ ಮೇಲೆ ಮಿಂಚಿನ ಗುರುತಿನ ಬಟನ್ ಒತ್ತಿದರೆ ಜಾಲ ಕಂಪೈಲ್ ಆಗಿ, ಅಂದರೆ ಲೆಕ್ಕಕ್ಕೆ ಸಿದ್ಧವಾಗಿ, ಪೆಟ್ಟಿಗೆಗಳಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ. ‘ಪಾಚಿ ಹೆಚ್ಚು’ ಎಂಬುದರ ಮೇಲೆ ಒತ್ತಿದರೆ ಉಳಿದ ಪಟ್ಟಿಗಳೆಲ್ಲ ತಟ್ಟನೆ ಜರುಗುತ್ತವೆ. ಕಾರಣದಿಂದ ಪರಿಣಾಮಕ್ಕೂ ಲೆಕ್ಕ ಹರಿಯುತ್ತದೆ, ಪರಿಣಾಮದಿಂದ ಕಾರಣಕ್ಕೂ.

ನದಿಗಳ ಮೇಲೆ ಈ ವಿಧಾನ ಹೊಸದೇನಲ್ಲ. ಅಮೆರಿಕದ ವೇಯ್ನ್ ಲ್ಯಾಂಡಿಸ್ ಮತ್ತು ಜೊತೆಗಾರರು 1997ರಲ್ಲಿ ಮುಂದಿಟ್ಟ, ಅಪಾಯಗಳಿಗೆ ದರ್ಜೆಯ ಅಂಕ ಕೊಟ್ಟು ಹೋಲಿಸುವ ಸಾಪೇಕ್ಷ ಅಪಾಯ ಮಾದರಿಯನ್ನು ಆಮೇಲೆ ಬೇಯ್ಸಿಯನ್ ಜಾಲಕ್ಕೆ ಇಳಿಸಿ, ಆರೆಗಾನ್‌ನ ಗ್ರಾಂಡ್ ರೋಂಡ್ ನದಿಯ ಮೇಲ್ದಂಡೆಗೆ ಹೊಂದಿಸಿದರು. ಆಸ್ಟ್ರೇಲಿಯದ ಗೌಲ್ಬರ್ನ್ ನದಿಯಲ್ಲಿ ಸ್ಥಳೀಯ ಮೀನುಗಳ ಇಳಿಕೆಗೆ ಇಂಥದ್ದೇ ಜಾಲ ಬಂತು. ಆಫ್ರಿಕದಲ್ಲಿ ಲೆಸೊತೊದ ಸೆಂಕು ನದಿಗೆ ಪರಿಸರ ಹರಿವು, ಅಂದರೆ ನದಿಯ ಜೀವಕ್ಕೆ ಬೇಕಾದ ನೀರು, ಎಷ್ಟು ಬಿಡಬೇಕೆಂದು ತೂಗಿದ ‘ಪ್ರಾಬ್‌ಫ್ಲೋ’ ವಿಧಾನಕ್ಕೂ ಇದೇ ತಳಹದಿ.

ಲೈಸನ್ಸ್ ಕೊಳ್ಳದೆ ಇಳಿಸಿಕೊಂಡರೂ ಸೌಲಭ್ಯಗಳು ಸಿಗುತ್ತವೆ, ಗಾತ್ರಕ್ಕೆ ಮಾತ್ರ ಕಡಿವಾಣ: 15 ನೋಡ್. ಕಲಿಯಲು, ಒಂದೇ ಕೆರೆಯ ಒಂದೇ ಪ್ರಶ್ನೆಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ ಮೊದಲ ಮಾದರಿಗೆ ಈ ಮಿತಿ ಒಳ್ಳೆಯದೇ. ಮಿತಿ ಇಲ್ಲದಿದ್ದರೆ ಹೊಸಬರು ಮೊದಲ ದಿನವೇ 60 ಪೆಟ್ಟಿಗೆ ಬಿಡಿಸಿ, ಯಾವುದಕ್ಕೂ ಅಂಕಿಯಿಲ್ಲದೆ ಕೂರುತ್ತಾರೆ. ತಂತ್ರಾಂಶದ ಮುಖ ಹಳೆಯದು, ಮೆನುಗಳು ತೊಂಬತ್ತರ ದಶಕದ ವಿಂಡೋಸ್ ನೆನಪಿಸುತ್ತವೆ. ನೋಡ್‌ನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಯಲ್ಲೇ ಇರಬೇಕು, 30 ಅಕ್ಷರ ದಾಟುವಂತಿಲ್ಲ. ಫೈಲನ್ನು ಡಿಎನ್‌ಇ ರೂಪದಲ್ಲಿ ಉಳಿಸುವ ಅಭ್ಯಾಸ ಒಳ್ಳೆಯದು. ಅದು ಸಾದಾ ಪಠ್ಯ, ಯಾವ ಎಡಿಟರಿನಲ್ಲಾದರೂ ತೆರೆದು ಯಾರು ಯಾವ ಅಂಕಿ ಬದಲಿಸಿದರೆಂದು ಹೋಲಿಸಬಹುದು. ನೆಟಿಕಾದ ಇನ್ನೊಂದು ಫೈಲ್ ರೂಪವಾದ ನೆಟಾದಲ್ಲಿ ಆ ಅನುಕೂಲ ಇಲ್ಲ.

ಒಂದು ಸಣ್ಣ ಜಾಲ ಕಟ್ಟಿ ನೋಡೋಣ. ಕೊನೆಯ ನೋಡ್ ‘ಮೀನು ಸಾವು’. ಅದರ ಹಿಂದೆ ‘ಮುಂಜಾನೆಯ ಕರಗಿದ ಆಮ್ಲಜನಕ’ ಮತ್ತು ‘ಮುಕ್ತ ಅಮೋನಿಯಾ’. ಆಮ್ಲಜನಕದ ಹಿಂದೆ ಪಾಚಿ, ನೀರಿನ ಬಿಸಿ, ಕೊಳಚೆಯ ಹೊರೆ, ರಾತ್ರಿಯ ಗಾಳಿ. ಕೊಳಚೆಯ ಹಿಂದೆ ಎಸ್‌ಟಿಪಿಯ, ಅಂದರೆ ಕೊಳಚೆ ಶುದ್ಧೀಕರಣ ಘಟಕದ, ಸ್ಥಿತಿ ಮತ್ತು ಬೇಸಿಗೆಯ ಮೊದಲ ಮಳೆ. ಮೊದಲ ಮಳೆ ಯಾಕೆಂದರೆ, ತಿಂಗಳುಗಟ್ಟಲೆ ರಾಜಕಾಲುವೆಯಲ್ಲಿ ಕೊಳೆತು ಕೂತ ಕೆಸರನ್ನು ಅದು ಒಂದೇ ಸಂಜೆಗೆ ಕೆರೆಗೆ ನೂಕುತ್ತದೆ.

ನೆಟಿಕಾದ ಮೊದಲ ಬಿಗಿ ಇಲ್ಲೇ ಎದುರಾಗುತ್ತದೆ. ಅಳತೆಯ ಸಂಖ್ಯೆಗಳನ್ನು ಅದು ಹಾಗೆಯೇ ನುಂಗುವುದಿಲ್ಲ, ತುಂಡು ಮಾಡಿ ಕೊಡಬೇಕು. ಎಲ್ಲಿ ತುಂಡರಿಸುತ್ತೀರಿ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಸಮನಾದ ಅಂತರದಲ್ಲಿ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಆಮ್ಲಜನಕಕ್ಕೆ 4 ಮಿ.ಗ್ರಾಂ./ಲೀ. ಒಂದು ಗಡಿಯಾಗಲೇಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನು ಮತ್ತು ವನ್ಯಜೀವಿಗಳ ನೀರಿಗೆ, ಅಂದರೆ ‘ಡಿ’ ವರ್ಗಕ್ಕೆ, ಹೇಳುವ ಕನಿಷ್ಠ ಅದು. 2 ಇನ್ನೊಂದು ಗಡಿ, ಅದರ ಕೆಳಗೆ ಹೆಚ್ಚಿನ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಬೇರೆ ದೇಶದ ಮಾದರಿಯಿಂದ 8ರ ಗಡಿಯನ್ನು ಎರವಲು ತಂದವರಿಗೆ ಒಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 25 ಡಿಗ್ರಿಯ ನೀರು ಇಲ್ಲಿ ಗಾಳಿಯಿಂದ ಹಿಡಿದಿಡುವ ಆಮ್ಲಜನಕ ಸುಮಾರು 7.4 ಮಾತ್ರ. ಮಧ್ಯಾಹ್ನ 8 ದಾಟಿದರೆ ಅದು ಆರೋಗ್ಯವಲ್ಲ, ಪಾಚಿಯ ಕೆಲಸ. ರಾತ್ರಿ ಅದೇ ಪಾಚಿ ಉಸಿರಾಡಿ ಅಷ್ಟನ್ನೂ ಹೀರುತ್ತದೆ.

ಅಮೋನಿಯಾದ ಗಡಿ ಇನ್ನೂ ಸೂಕ್ಷ್ಮ. ಮೀನಿಗೆ ವಿಷವಾಗುವುದು ಒಟ್ಟು ಅಮೋನಿಯಾದಲ್ಲಿ ಮುಕ್ತವಾಗಿರುವ ಪಾಲು. ಆ ಪಾಲು ಪಿಎಚ್ ಮೇಲೆ ನಿಂತಿದೆ: 25 ಡಿಗ್ರಿಯಲ್ಲಿ ಪಿಎಚ್ 8 ಇದ್ದರೆ ನೂರಕ್ಕೆ ಸುಮಾರು 5, ಪಿಎಚ್ 9 ಇದ್ದರೆ ಸುಮಾರು 36. ಒಟ್ಟು ಅಮೋನಿಯಾ 10 ಮಿ.ಗ್ರಾಂ. ಇರುವ ಕೆರೆಯಲ್ಲಿ ಮುಕ್ತ ಪಾಲು ಬೆಳಿಗ್ಗೆ 0.5ರಷ್ಟಿದ್ದು, ಪಾಚಿ ಪಿಎಚ್ ಏರಿಸಿದ ಮಧ್ಯಾಹ್ನ 3.6 ಆಗಬಹುದು. ‘ಡಿ’ ವರ್ಗದ ಮಿತಿ 1.2. ಪಿಎಚ್ ನೋಡ್‌ಗೆ ‘8ರಿಂದ 9’ ಎಂದು ಒಂದೇ ತುಂಡು ಕೊಟ್ಟರೆ ಬದುಕು ಸಾವು ಎರಡೂ ಅದೇ ತುಂಡಿನೊಳಗೆ ಬೀಳುತ್ತವೆ. ಈ ಕೆರೆಯ ಮಟ್ಟಿಗೆ ಮಿತಿ ದಾಟುವ ಜಾಗ ಪಿಎಚ್ 8.4, ಗಡಿಯನ್ನು ಅಲ್ಲಿ ಹಾಕಬೇಕು. ಇಂಥ ಕಡೆ ಕೋಷ್ಟಕವನ್ನು ಕೈಯಲ್ಲಿ ತುಂಬುವ ಅಗತ್ಯವಿಲ್ಲ. ನೋಡ್‌ಗೆ ಸೂತ್ರ ಬರೆದು ‘ಈಕ್ವೇಶನ್ ಟು ಟೇಬಲ್’ ಒತ್ತಿದರೆ ನೆಟಿಕಾ ಪ್ರತಿ ತುಂಡಿನೊಳಗಿಂದ ಯಾದೃಚ್ಛಿಕ ಮಾದರಿ ಎತ್ತಿ ಕೋಷ್ಟಕ ತುಂಬುತ್ತದೆ. ಎಷ್ಟು ಮಾದರಿ ಎಂದು ಕೇಳಿದಾಗ 1000ಕ್ಕೆ ಕಡಿಮೆ ಕೊಡಬೇಡಿ, ಹತ್ತಿಪ್ಪತ್ತು ಕೊಟ್ಟರೆ ಕೋಷ್ಟಕ ಪ್ರತಿ ಸಲ ಬೇರೆ ಬರುತ್ತದೆ. ನೆಟಿಕಾದ ಅತ್ಯುತ್ತಮ ಭಾಗ ಯಾವುದೆಂದರೆ ಇದೇ. ರಸಾಯನಶಾಸ್ತ್ರ ಗೊತ್ತಿರುವ ಕಡೆ ತಜ್ಞರ ಊಹೆಗೆ ಕೆಲಸ ಕೊಡಬೇಕಿಲ್ಲ.

ಕೋಷ್ಟಕ ಉಬ್ಬುವುದು ಎರಡನೆಯ ತೊಡಕು. ಆಮ್ಲಜನಕಕ್ಕೆ ನಾಲ್ಕು ಕಾರಣ, ಒಂದೊಂದಕ್ಕೆ ಮೂರು ಸ್ಥಿತಿ ಎಂದರೆ 81 ಸಾಲು. ಮೀನುಗಾರಿಕೆ ಇಲಾಖೆಯ ಅನುಭವಿಯನ್ನು ಕೂರಿಸಿಕೊಂಡು 81 ಸಲ ‘ಪಾಚಿ ಮಧ್ಯಮ, ಬಿಸಿ ಹೆಚ್ಚು, ಕೊಳಚೆ ಕಡಿಮೆ, ಗಾಳಿ ಇಲ್ಲ, ಆಗ?’ ಎಂದು ಕೇಳಿದರೆ ಇಪ್ಪತ್ತನೆಯ ಪ್ರಶ್ನೆಯ ಹೊತ್ತಿಗೆ ಅವರು ಟೀ ಕುಡಿಯಲು ಏಳುತ್ತಾರೆ, ಉಳಿದ 61 ಉತ್ತರ ಸುಮ್ಮನೆ ಬರುತ್ತವೆ. ನಡುವೆ ಎರಡು ನೋಡ್ ಇಡಿ: ಪಾಚಿ ಮತ್ತು ಕೊಳಚೆ ಸೇರಿ ‘ಆಮ್ಲಜನಕದ ಖರ್ಚು’, ಬಿಸಿ ಮತ್ತು ಗಾಳಿ ಸೇರಿ ‘ಆಮ್ಲಜನಕದ ಪೂರೈಕೆ’. ಆಗ ಮೂರು ಕೋಷ್ಟಕ, ಒಂದೊಂದರಲ್ಲಿ 9 ಸಾಲು, ಒಟ್ಟು 27. ಒಂದು ನೋಡ್‌ಗೆ ಮೂರಕ್ಕಿಂತ ಹೆಚ್ಚು ಕಾರಣ, ಐದಕ್ಕಿಂತ ಹೆಚ್ಚು ಸ್ಥಿತಿ ಬೇಡ ಎಂಬುದು ಪರಿಸರ ಮಾದರಿ ಕಟ್ಟುವವರಲ್ಲಿ ನೆಲೆಯೂರಿದ ರೂಢಿ. ತುಂಬುವಾಗ ಎಲ್ಲೂ ಶುದ್ಧ 0 ಅಥವಾ 100 ಹಾಕಬೇಡಿ. ‘ಆಮ್ಲಜನಕ ಚೆನ್ನಾಗಿದ್ದರೆ ಮೀನು ಸಾಯುವುದೇ ಇಲ್ಲ’ ಎಂದು 0 ಬರೆದಿಟ್ಟು, ನಾಳೆ ಯಾರೋ ಕಾರ್ಖಾನೆಯ ಆಮ್ಲ ಸುರಿದು ಮೀನು ಸತ್ತ ದಿನದ ದಾಖಲೆ ಕೊಟ್ಟರೆ, ದಾಖಲೆ ಅಸಂಗತ ಎಂದು ಜಾಲ ತಿರಸ್ಕರಿಸುತ್ತದೆ. 1 ಹಾಕಿ.

ಇನ್ನು ಅಂಕಿಗಳಿಂದ ಕಲಿಸುವುದು. ತಿಂಗಳಿಗೊಂದು ಮಾದರಿಯಂತೆ ಹತ್ತು ವರ್ಷದ ದಾಖಲೆ ಇದ್ದರೂ ಅದು 120 ಸಾಲು. ಈ ದಾಖಲೆಯನ್ನು ನೆಟಿಕಾಕ್ಕೆ ಕೊಡುವ ಕೇಸ್ ಫೈಲ್ ಟ್ಯಾಬ್‌ನಿಂದ ಬೇರ್ಪಟ್ಟ ಸಾದಾ ಪಠ್ಯ, ಅಳತೆ ತಪ್ಪಿದ ಕಡೆ ನಕ್ಷತ್ರ ಚಿಹ್ನೆ ಹಾಕಬೇಕು. ಅಲ್ಲಿ 0 ಬಿಟ್ಟರೆ ಆಮ್ಲಜನಕ ಸೊನ್ನೆಯೆಂದೇ ನಂಬುತ್ತದೆ. ‘ಇನ್ಕಾರ್ಪ್ ಕೇಸ್ ಫೈಲ್’ ಸರಳ ಎಣಿಕೆ. ತುಂಬಾ ಕಡೆ ನಕ್ಷತ್ರ ಇದ್ದರೆ, ಅಥವಾ ‘ಆಮ್ಲಜನಕದ ಖರ್ಚು’ ಎಂಬಂಥ ಅಳೆಯದ ನೋಡ್ ಇದ್ದರೆ, ಇಲ್ಲದ ಅಳತೆಗಳನ್ನು ಅಂದಾಜಿಸುತ್ತ ಮತ್ತೆ ಮತ್ತೆ ಲೆಕ್ಕ ಹಾಕುವ ಇಎಂ ವಿಧಾನ ಆರಿಸಿ. ಇಲ್ಲಿ ಮೂರು ಹಳ್ಳ ಇವೆ.

ಮೊದಲನೆಯದು, ದಾಖಲೆಯಲ್ಲಿ ಒಮ್ಮೆಯೂ ಬಾರದ ಸಾಲುಗಳು ಸಮಪಾಲಾಗಿ, 33.3, 33.3, 33.3 ಎಂದು ಉಳಿಯುತ್ತವೆ. ಕಂಪೈಲ್ ಆದ ಮೇಲೆ ಆ ಅಜ್ಞಾನವೂ ಅಂಕಿಯಿಂದ ಬಂದ ಜ್ಞಾನವೂ ಒಂದೇ ಬಣ್ಣದ ಪಟ್ಟಿಯಾಗಿ ಕಾಣುತ್ತವೆ. ಪಟ್ಟಿ ನೋಡಿ ಖುಷಿಪಡುವ ಮುಂಚೆ ಪ್ರತಿ ಕೋಷ್ಟಕದ ಅನುಭವದ ಎಣಿಕೆ, ಅಂದರೆ ‘ಎಕ್ಸ್‌ಪೀರಿಯನ್ಸ್’, ತೆರೆದು ನೋಡಿ. 1ರಲ್ಲೇ ನಿಂತ ಸಾಲುಗಳಿಗೆ ತಜ್ಞರ ಮಾತು ಬೇಕು. ಎರಡನೆಯದು, ಅದೇ ಫೈಲನ್ನು ಮರೆತು ಮತ್ತೊಮ್ಮೆ ಸೇರಿಸಿದರೆ ಯಾವ ಎಚ್ಚರಿಕೆಯೂ ಇಲ್ಲದೆ 120 ತಿಂಗಳು 240 ಆಗಿ, ಜಾಲಕ್ಕೆ ಇಲ್ಲದ ಆತ್ಮವಿಶ್ವಾಸ ಬರುತ್ತದೆ. ಪ್ರತಿ ಸಲ ಕೋಷ್ಟಕ ಅಳಿಸಿಯೇ ಮತ್ತೆ ಕಲಿಸಬೇಕು. ಮೂರನೆಯದಕ್ಕೆ ತಂತ್ರಾಂಶ ಹೊಣೆಯಲ್ಲ: ಮಾದರಿ ತೆಗೆಯುವವರು ಕೆರೆಗೆ ಹೋಗುವುದು ಹಗಲಲ್ಲಿ. ಮೀನು ಸಾಯುವುದು ಬೆಳಗಿನ ಜಾವದ ಆಮ್ಲಜನಕಕ್ಕೆ. ಹನ್ನೊಂದು ಗಂಟೆಯ ಅಳತೆಯನ್ನು ‘ಮುಂಜಾನೆಯ ಆಮ್ಲಜನಕ’ದ ಕಾಲಮ್ಮಿಗೆ ಹಾಕಿದರೆ, ಆಮ್ಲಜನಕ ಹೆಚ್ಚಿದ್ದಾಗಲೇ ಮೀನು ಸಾಯುತ್ತವೆ ಎಂದು ಜಾಲ ಕಲಿಯುತ್ತದೆ. ಅದು ಕೊಟ್ಟದ್ದನ್ನು ಸರಿಯಾಗಿಯೇ ಕಲಿತಿದೆ. ಹಗಲಿನ ಅಳತೆಗೆ ಬೇರೆ ನೋಡ್ ಇಟ್ಟು, ಪಾಚಿಯಿಂದ ಎರಡಕ್ಕೂ ಬಾಣ ಬಿಡಬೇಕು.

ಈಗ ಲೆಕ್ಕ. ಅಂಕಿಗಳು ವಿವರಣೆಗೆ ಹಿಡಿದವು, ಯಾವ ಕೆರೆಯವೂ ಅಲ್ಲ. ಅಮೋನಿಯಾವನ್ನು ಸದ್ಯ ಬದಿಗಿಡೋಣ. ಬೇಸಿಗೆಯ ಒಂದು ವಾರದಲ್ಲಿ ಮುಂಜಾನೆಯ ಆಮ್ಲಜನಕ 2ಕ್ಕಿಂತ ಕೆಳಗಿರುವ ಸಾಧ್ಯತೆ ನೂರಕ್ಕೆ 10, 2ರಿಂದ 4ರೊಳಗೆ 25, ಅದಕ್ಕೂ ಮೇಲೆ 65. ಆ ಮೂರು ಸ್ಥಿತಿಗಳಲ್ಲಿ ಮೀನು ಸಾಯುವ ಸಾಧ್ಯತೆ ಕ್ರಮವಾಗಿ 60, 10, 1. ಗುಣಿಸಿ ಕೂಡಿದರೆ 6 + 2.5 + 0.65, ಅಂದರೆ 9.15. ‘ಮೀನು ಸತ್ತಿದೆ’ ಎಂದು ಒತ್ತಿದರೆ ಆಮ್ಲಜನಕದ ಮೂರು ಪಟ್ಟಿಗಳು 65.6, 27.3, 7.1 ಆಗುತ್ತವೆ.

ಸಭೆಯಲ್ಲಿ ಜಗಳ ಶುರುವಾಗುವುದು 60ರ ಬಗ್ಗೆ. ಒಬ್ಬರು 80 ಅನ್ನುತ್ತಾರೆ. ಬದಲಿಸಿ ನೋಡಿ: 9.15 ಹೋಗಿ 11.15. ಈಗ 60ನ್ನು ಹಾಗೇ ಬಿಟ್ಟು, ಆಮ್ಲಜನಕ 2ಕ್ಕಿಂತ ಇಳಿಯುವ ಸಾಧ್ಯತೆಯನ್ನು 10ರಿಂದ 20 ಮಾಡಿ, ಮೇಲಿನದನ್ನು 55ಕ್ಕೆ ಇಳಿಸಿ: 15.05. ತಜ್ಞರ ಭಿನ್ನಾಭಿಪ್ರಾಯಕ್ಕಿಂತ ಯಾರೂ ಅಳೆಯದ ಮುಂಜಾನೆಯ ಆಮ್ಲಜನಕ ಹೆಚ್ಚು ತೂಗುತ್ತದೆ. ಇನ್ನೊಂದು ಕಾರ್ಯಾಗಾರ ನಡೆಸುವ ಬದಲು ರಾತ್ರಿಯಿಡೀ ಅಳೆದು ದಾಖಲಿಸುವ ಒಂದು ಲಾಗರ್ ಕೆರೆಗಿಳಿಸಿ ಎಂದು ಈ ಪುಟ್ಟ ಜಾಲವೇ ಹೇಳುತ್ತಿದೆ. ನೆಟಿಕಾದಿಂದ ಸಿಗುವ ದೊಡ್ಡ ಲಾಭ ನಮ್ಮ ತೀರ್ಪಿನ ಪ್ರಕಾರ ಇದು: ಮುಂದೆ ಏನನ್ನು ಅಳೆಯಬೇಕೆಂದು ಅದು ತೋರಿಸುತ್ತದೆ. ಅದಕ್ಕೆಂದೇ ‘ಸೆನ್ಸಿಟಿವಿಟಿ ಟು ಫೈಂಡಿಂಗ್ಸ್’ ಇದೆ. ಕೊನೆಯ ನೋಡ್ ಆರಿಸಿ ಒತ್ತಿದರೆ, ಯಾವ ನೋಡ್ ತಿಳಿದರೆ ಅನಿಶ್ಚಿತತೆ ಎಷ್ಟು ಇಳಿಯುತ್ತದೆಂದು ಇಳಿಕೆಯ ಕ್ರಮದಲ್ಲಿ ಪಟ್ಟಿ ಕೊಡುತ್ತದೆ. ಒತ್ತುವ ಮುಂಚೆ ಹಿಂದಿನ ಆಯ್ಕೆಗಳನ್ನೆಲ್ಲ ತೆಗೆದಿರಬೇಕು. ‘ಎಸ್‌ಟಿಪಿ ಸರಿಯಿದೆ’ ಎಂಬ ಆಯ್ಕೆ ಉಳಿದುಬಿಟ್ಟರೆ, ಎಸ್‌ಟಿಪಿಯ ತೂಕ ಸೊನ್ನೆ ಎಂದು ಪಟ್ಟಿ ಬರುತ್ತದೆ, ವರದಿಗೂ ಹಾಗೇ ಹೋಗುತ್ತದೆ.

ಆದರೆ ಆ ಪಟ್ಟಿಯನ್ನು ‘ಏನು ಮಾಡಬೇಕು’ ಎಂಬ ಪಟ್ಟಿಯಾಗಿ ಓದುವಂತಿಲ್ಲ. ಗಾಳಿಯಂತ್ರವನ್ನೇ ನೋಡಿ. ಆಮ್ಲಜನಕ ಬಿದ್ದ ದಿನವೇ ಅದನ್ನು ಓಡಿಸುತ್ತಾರೆ. ಹಾಗಾಗಿ ದಾಖಲೆಯಲ್ಲಿ ಯಂತ್ರ ಓಡಿದ ದಿನಗಳಲ್ಲೇ ಮೀನು ಹೆಚ್ಚು ಸತ್ತಿರುತ್ತವೆ. ಜಾಲ ಅದನ್ನು ನಂಬಿ, ಯಂತ್ರ ನಿಲ್ಲಿಸಿದರೆ ಒಳ್ಳೆಯದೆಂದು ಪಟ್ಟಿ ಜರುಗಿಸುತ್ತದೆ. ನಾವು ಕಂಡದ್ದಕ್ಕೂ ನಾವು ಮಾಡಿದ್ದಕ್ಕೂ ಇರುವ ಈ ವ್ಯತ್ಯಾಸವನ್ನು ನೆಟಿಕಾ ತಾನಾಗಿ ಗುರುತಿಸುವುದಿಲ್ಲ. ಯಂತ್ರವನ್ನು ನಿರ್ಧಾರದ ನೋಡ್, ಅಂದರೆ ನಾವೇ ಆರಿಸುವ ಕ್ರಮದ ಪೆಟ್ಟಿಗೆ, ಮಾಡಿ, ಅದರತ್ತ ಬರುವ ಬಾಣ ತೆಗೆದು, ಅದರ ಪರಿಣಾಮದ ಕೋಷ್ಟಕವನ್ನು ಯಂತ್ರದ ಸಾಮರ್ಥ್ಯದಿಂದ, ಕೆರೆಯ ಗಾತ್ರದಿಂದ ಲೆಕ್ಕ ಹಾಕಿ ತುಂಬಬೇಕು. ಕಲಿಕೆಯ ಫೈಲಿನಿಂದ ಆ ಕಾಲಮ್ಮನ್ನು ಹೊರಗಿಡಿ.

ಪರೀಕ್ಷೆಗೆ ‘ಟೆಸ್ಟ್ ವಿತ್ ಕೇಸಸ್’ ಇದೆ. ಕಲಿಸಲು ಬಳಸದ ದಾಖಲೆಯನ್ನು ಮುಂಚೆಯೇ ಬೇರೆ ಫೈಲಿಗೆ ಎತ್ತಿಡಿ. ಫಲಿತಾಂಶದ ಮೇಲ್ಗಡೆ ಕಾಣುವ ತಪ್ಪಿನ ಪ್ರಮಾಣ ಮೋಸಗಾರ. 120 ತಿಂಗಳಲ್ಲಿ 3 ಸಲ ಮೀನು ಸತ್ತಿದ್ದರೆ, ಯಾವಾಗಲೂ ‘ಸಾಯುವುದಿಲ್ಲ’ ಎನ್ನುವ ದಡ್ಡ ಮಾದರಿಗೂ ತಪ್ಪು ನೂರಕ್ಕೆ 2.5 ಅಷ್ಟೇ. ನಿಜವಾಗಿ ಆದದ್ದನ್ನೂ ಜಾಲ ಹೇಳಿದ್ದನ್ನೂ ಎದುರುಬದುರು ಇಡುವ ಕನ್ಫ್ಯೂಷನ್ ಕೋಷ್ಟಕದಲ್ಲಿ ಸತ್ತ ತಿಂಗಳುಗಳ ಸಾಲನ್ನು ಮಾತ್ರ ನೋಡಿ, ಜೊತೆಗೆ ಲಾಗ್ ನಷ್ಟದ ಅಂಕಿ ನೋಡಿ, ತಪ್ಪನ್ನು ಖಚಿತವಾಗಿ ಹೇಳಿದಷ್ಟೂ ಅದು ಏರುತ್ತದೆ.

ಅಪಾಯದ ದರ್ಜೆಯ ಸರಾಸರಿಯಲ್ಲೂ ಒಂದು ಮೋಸವಿದೆ. ಲ್ಯಾಂಡಿಸ್ ದಾರಿಯಲ್ಲಿ ಅಪಾಯ ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು ಎಂಬುದಕ್ಕೆ 0, 2, 4, 6 ಎಂದು ಅಂಕ ಕೊಡುತ್ತಾರೆ, ನೆಟಿಕಾ ಪೆಟ್ಟಿಗೆಯ ಬುಡದಲ್ಲಿ ಸರಾಸರಿ ತೋರಿಸುತ್ತದೆ. ಒಂದು ಕೆರೆಯಲ್ಲಿ ನಾಲ್ಕು ದರ್ಜೆಗಳ ಸಾಧ್ಯತೆ 10, 50, 30, 10 ಇದ್ದರೆ ಸರಾಸರಿ 2.8. ಇನ್ನೊಂದರಲ್ಲಿ 50, 5, 0, 45 ಇದ್ದರೂ 2.8. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹಳದಿ ಬಣ್ಣ ಬಳಿಯುತ್ತಾರೆ. ಒಂದರಲ್ಲಿ ಹೆಚ್ಚಿನ ಅಪಾಯ ನೂರಕ್ಕೆ 10, ಇನ್ನೊಂದರಲ್ಲಿ 45. ನೆಟಿಕಾ ಸರಾಸರಿಯ ಪಕ್ಕದಲ್ಲೇ ಹರಡನ್ನೂ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನೂ, ಕೊಡುತ್ತದೆ, ಮೊದಲನೆಯದಕ್ಕೆ 1.6, ಎರಡನೆಯದಕ್ಕೆ 2.9. ವರದಿ ಬರೆಯುವವರು ಅದನ್ನು ಬಿಟ್ಟುಬಿಡುತ್ತಾರೆ. ತಂತ್ರಾಂಶ ಪ್ರಾಮಾಣಿಕವಾಗಿದೆ, ನಕ್ಷೆ ಅಲ್ಲ.

ಕೆರೆ ಸರಪಳಿಗೆ ಬಂದರೆ ನೆಟಿಕಾ ತಿಣುಕುತ್ತದೆ. ಬೆಳ್ಳಂದೂರಿನ ಕೋಡಿ ವರ್ತೂರಿಗೆ, ಅಲ್ಲಿಂದ ನೀರು ದಕ್ಷಿಣ ಪಿನಾಕಿನಿಗೆ. ಇಂಥ ಸಾಲಿಗೆ ಒಂದೇ ಜಾಲವನ್ನು ಕೆರೆಗೊಂದರಂತೆ ನಕಲು ಮಾಡಿ, ಮೇಲಿನದರ ‘ಕೋಡಿ ನೀರಿನ ಗುಣ’ ನೋಡನ್ನು ಕೆಳಗಿನದರ ‘ಒಳಹರಿವಿನ ಗುಣ’ಕ್ಕೆ ಜೋಡಿಸಬೇಕು. ಮೂರು ಕೆರೆಗೆ 12ರಂತೆ 36 ನೋಡ್, ಲೈಸನ್ಸ್ ಬೇಕೇಬೇಕು. ಮಾತೃ ಜಾಲದ ಒಂದು ಕೋಷ್ಟಕ ತಿದ್ದಿದರೆ ನಕಲುಗಳು ತಾವಾಗಿ ಬದಲಾಗುವುದಿಲ್ಲ, ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು. ಸುತ್ತುವ ಬಾಣಕ್ಕೂ ಜಾಗವಿಲ್ಲ. ಆಮ್ಲಜನಕ ಬಿದ್ದರೆ ಹೂಳಿನಿಂದ ರಂಜಕ ಏಳುತ್ತದೆ, ರಂಜಕ ಪಾಚಿಯನ್ನು ಬೆಳೆಸುತ್ತದೆ, ಪಾಚಿ ಆಮ್ಲಜನಕವನ್ನು ಬೀಳಿಸುತ್ತದೆ. ಈ ಸುತ್ತನ್ನು ‘ಈ ವಾರ’, ‘ಮುಂದಿನ ವಾರ’ ಎಂದು ಕಾಲದಲ್ಲಿ ಬಿಡಿಸಿಯೇ ಬರೆಯಬೇಕು. ಅದಕ್ಕೆ ತಡವಿರುವ ಬಾಣ ಮತ್ತು ‘ಎಕ್ಸ್‌ಪ್ಯಾಂಡ್ ಟೈಮ್’ ಇವೆ, ಆದರೆ ನಾಲ್ಕು ವಾರ ಬಿಡಿಸುವಷ್ಟರಲ್ಲಿ ತೆರೆ ಜೇಡರ ಬಲೆಯಂತಾಗುತ್ತದೆ.

ಬೇರೆ ಆಯ್ಕೆಗಳು? ಜೀನಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಈಗ ಬೇಯ್ಸ್‌ಫ್ಯೂಷನ್ ಕಂಪನಿಯಲ್ಲಿದೆ, ಶೈಕ್ಷಣಿಕ ಬಳಕೆಗೆ ಉಚಿತ. ವಿದ್ಯಾರ್ಥಿಗಳು 15 ನೋಡ್ ದಾಟಬೇಕಿದ್ದರೆ ಅಲ್ಲಿಗೆ ಹೋಗಲಿ. ಅಳತೆಗಳನ್ನು ತುಂಡರಿಸುವ ಗೋಜು ಬೇಡವೆಂದರೆ ಅಜೆನಾರಿಸ್ಕ್ ನೋಡಬಹುದು, ತುಂಡುಗಳನ್ನು ಅದು ಲೆಕ್ಕದ ನಡುವೆ ತಾನೇ ಹೊಂದಿಸಿಕೊಳ್ಳುತ್ತದೆ. ಕೋಡ್ ಬರೆಯುವವರಿಗೆ ಆರ್ ಭಾಷೆಯ ಬಿಎನ್‌ಲರ್ನ್ ಇದೆ, ದುಡ್ಡಿಲ್ಲ, ಪರೀಕ್ಷೆಯ ಸುತ್ತುಗಳನ್ನು ತಾನೇ ನಡೆಸುತ್ತದೆ. ಆದರೆ ಆರ್ ತೆರೆಯನ್ನು ಗೋಡೆಗೆ ಬಿಟ್ಟು ಮೀನು ಗುತ್ತಿಗೆದಾರರ ಮುಂದೆ, ಜಲಮಂಡಳಿಯ ಎಂಜಿನಿಯರ್ ಮುಂದೆ ಮಾತಾಡಲು ಆಗುವುದಿಲ್ಲ. ನೆಟಿಕಾದ ಪಟ್ಟಿಗಳನ್ನು ಅವರೇ ಎದ್ದು ಬಂದು ಒತ್ತುತ್ತಾರೆ, ‘ಇದು ಹೀಗಾಗಲ್ಲ ಸಾರ್’ ಎಂದು ಬೈಯುತ್ತಾರೆ, ಆ ಬೈಗುಳದಿಂದ ಕೋಷ್ಟಕ ಸರಿಹೋಗುತ್ತದೆ.

ಒಂದು ಕೆರೆ, ಒಂದು ಪ್ರಶ್ನೆ, ಸುತ್ತ ಕೂತ ಆರೇಳು ಜನ ಎಂಬ ಲೆಕ್ಕಕ್ಕೆ ಐದರಲ್ಲಿ ನಾಲ್ಕು ಅಂಕ. ಇಡೀ ಕಣಿವೆಯ ಸರಪಳಿಗೆ ಎರಡು. ಉಚಿತ ಆವೃತ್ತಿಯಲ್ಲಿ 12 ನೋಡ್‌ನ ಜಾಲ ಕಟ್ಟಿ, ‘ಸೆನ್ಸಿಟಿವಿಟಿ’ ಪಟ್ಟಿಯ ತುದಿಯಲ್ಲಿ ಬಂದ ನೋಡ್‌ಗೆ ಅಳತೆ ನಿಮ್ಮಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಲೈಸನ್ಸ್‌ನ ದುಡ್ಡನ್ನು ಈ ವರ್ಷ ಲಾಗರ್‌ಗೆ ಹಾಕಿ. ದಡದ ತೆಳು ನೀರಿನಲ್ಲಿ ಅಲ್ಲ, ನೀರು ಆಳವಿರುವ ತೂಬಿನ ಹತ್ತಿರ ಕಟ್ಟಿ, ಸಂವೇದಕಕ್ಕೆ ಪಾಚಿ ಹಿಡಿಯದಂತೆ ವಾರಕ್ಕೊಮ್ಮೆ ಒರೆಸಿ.